ಇನ್ನು ಮುಂದೆ ನಮ್ಮ ರಾಗಿ ಹಿಟ್ಟು ಕೊಂಚ ಕಂದು

ನಮ್ಮ ಹಿಟ್ಟು ಕೊಳ್ಳುವ ಎಲ್ಲ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ.

ಈ ತಿಂಗಳ ಮೊಳಕೆ ರಾಗಿ ಹಿಟ್ಟಿನ ಪೊಟ್ಟಣ ಬಿಚ್ಚಿದರೆ ಬಣ್ಣ ಕಂದಾಗಿ ಕಾಣುತ್ತದೆ. ಬೆರಳಲ್ಲಿ ಉಜ್ಜಿದರೆ ತರಿ ಸಿಗುತ್ತದೆ. ಹಿಟ್ಟು ಕೆಟ್ಟಿಲ್ಲ. ಬಟ್ಟೆಯಲ್ಲಿ ಸೋಸುವುದನ್ನು ನಿಲ್ಲಿಸಿದ್ದೇವೆ, ಅಷ್ಟೇ.

ಇಷ್ಟು ದಿನ ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಹಿಟ್ಟು ಸುರಿದು, ಕೈಯಾಡಿಸಿ ಇಳಿಸುತ್ತಿದ್ದೆವು. ಕೆಳಗೆ ನುಣ್ಣನೆ ಬಿಳಿ ಹಿಟ್ಟು. ಮೇಲೆ ಉಳಿದ ಕೆಂಪು ಹೊಟ್ಟು ಹಸುವಿನ ಬಾನಿಗೆ. ಆದರೆ ರಾಗಿಯ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಜಾಸ್ತಿ ಇರುವುದೇ ಆ ಹೊಟ್ಟಿನಲ್ಲಿ. 100 ಗ್ರಾಂ ಇಡೀ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇರುತ್ತದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅದನ್ನೇ ಸೋಸಿ ತೆಗೆದು 'ಮೂಳೆಗೆ ಒಳ್ಳೇದು' ಅಂತ ಮಾರುವುದು ನಮಗೆ ಸರಿ ಕಾಣಲಿಲ್ಲ.

ಹೊಟ್ಟಿನಲ್ಲಿ ಫೈಟೇಟ್ ಅನ್ನುವ ಅಂಶವೂ ಇದೆ. ಅದು ಕ್ಯಾಲ್ಸಿಯಂ ಪೂರ್ತಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ಹಾಗಾಗಿ ನೆನೆಸುವುದು, ಕಟ್ಟಿಡುವುದು ಎಲ್ಲ ಮೊದಲಿನಂತೆಯೇ ನಡೆಯುತ್ತದೆ.

ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, ಮುಟ್ಟು ನಿಂತ ಹೆಂಗಸರಿಗೆ 1200 ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಮೂಳೆ ತುಂಬಿಕೊಳ್ಳುವುದು ಮೂವತ್ತರ ಒಳಗೆ, ಅದರಲ್ಲೂ ಹದಿಹರೆಯದಲ್ಲಿ. ಆಮೇಲೆ ಇದ್ದದ್ದನ್ನು ಉಳಿಸಿಕೊಳ್ಳಬೇಕು. ಮುಟ್ಟು ನಿಂತ ಮೇಲಂತೂ ಬೇಗ ಸವೆಯುತ್ತದೆ. ಎಷ್ಟೋ ಮನೆಗಳಲ್ಲಿ ಹಾಲು ಮಕ್ಕಳಿಗೆ, ಗಟ್ಟಿ ಮೊಸರು ಗಂಡಸರಿಗೆ. ಅಮ್ಮನಿಗೆ ಕಾಫಿಗೆ ಬಿದ್ದ ಹಾಲಷ್ಟೇ, ಅಲ್ವಾ? ದಯವಿಟ್ಟು ಅವರಿಗೂ ಒಂದು ಲೋಟ ಗಂಜಿ ಕೊಡಿ.

ಇದೊಂದೇ ಸಾಕು ಅಂತ ನಾವು ಹೇಳುವುದಿಲ್ಲ. 30 ಗ್ರಾಂ ಹಿಟ್ಟಿನಲ್ಲಿ ಸುಮಾರು 100 ಮಿಲಿಗ್ರಾಂ ಇರುತ್ತದೆ. ಒಂದು ಲೋಟ ಹಾಲು ಬೆರೆಸಿ ಕಾಯಿಸಿದರೆ ಇನ್ನೂ 200ರ ಮೇಲೆ ಸೇರುತ್ತದೆ. ನುಗ್ಗೆಸೊಪ್ಪಿನ ಸಾರೂ ಇರಲಿ. ಮೈಗೆ ಒಂದಿಷ್ಟು ಬಿಸಿಲೂ ಬೀಳಲಿ.

ಕೂಸುಗಳ ರಾಗಿ ಸರಿಯನ್ನು ಮಾತ್ರ ಈಗಲೂ ಬಟ್ಟೆಯಲ್ಲೇ ಸೋಸುತ್ತೇವೆ. ಎಳೆ ಹೊಟ್ಟೆಗೆ ತರಿ ಬೇಡ.

ಹೊಟ್ಟು ಇರುವ ಹಿಟ್ಟು ಬೇಗ ಕಹಿಯಾಗುತ್ತದೆ. ಅದಕ್ಕೆ ಒಂದು ಕೆಜಿ ಬದಲು ಅರ್ಧ ಕೆಜಿ ಪೊಟ್ಟಣ ಮಾಡಿದ್ದೇವೆ. ಕೆಜಿ ಲೆಕ್ಕದ ಬೆಲೆ ಮೊದಲಿನದೇ. ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಮೊದಲಿಗಿಂತ ಎರಡು ನಿಮಿಷ ಜಾಸ್ತಿ ಕುದಿಸಿ. ತರಿ ಮೆತ್ತಗಾಗುತ್ತದೆ.

ಬಾಯಿಗೆ ಹಿಡಿಸದಿದ್ದರೆ ಪೊಟ್ಟಣ ವಾಪಸ್ ತನ್ನಿ, ಹಣ ಕೊಡುತ್ತೇವೆ.

ಇಂತಿ,
ಸಂಘದ ಎಲ್ಲ ಹೆಂಗಸರು