ಸೂಲಗಿತ್ತಿಯ ದಿನಚರಿಗೂ ಒಂದು ವಾರ ಕೊಡಿ

ಮಾನ್ಯ ಸಂಪಾದಕರೇ,

ಅಮೆರಿಕ ಸ್ವತಂತ್ರಗೊಂಡು 250 ವರ್ಷಗಳಾದ ಸಂದರ್ಭಕ್ಕೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಲೇಖನಮಾಲೆಯನ್ನು ತಪ್ಪದೆ ಓದುತ್ತಿದ್ದೇನೆ. ದಂಡನಾಯಕರು, ಸಂವಿಧಾನ ಬರೆದವರು, ಅಧ್ಯಕ್ಷರು ಎಲ್ಲರೂ ಬಂದರು. ಹೆಂಗಸರು ಮಾತ್ರ ಇನ್ನೂ ಬಂದಿಲ್ಲ. ಆಕರಗಳ ಕೊರತೆ ಇದಕ್ಕೆ ಕಾರಣವಾಗಲಾರದು. 1785ರಿಂದ 1812ರವರೆಗೆ ಮಾರ್ಥಾ ಬ್ಯಾಲರ್ಡ್ ಬರೆದಿಟ್ಟ ದಿನಚರಿ ನಮ್ಮ ಮುಂದಿದೆ.

ಕೆನೆಬೆಕ್ ನದಿಯ ದಂಡೆಯ ಹ್ಯಾಲೊವೆಲ್ ಆಕೆಯ ಊರು. ಇಂದು ಅದು ಮೇನ್ ರಾಜ್ಯದಲ್ಲಿದೆ. ಮೂಲನಿವಾಸಿಗಳಾದ ಅಬೆನಾಕಿ ಜನರ ಆ ನೆಲದಲ್ಲಿ ವಲಸಿಗರು ಕಾಡು ಕಡಿದು, ಮರ ಕೊಯ್ಯುವ ಗಿರಣಿ ಹಾಕಿ ನೆಲೆಯೂರುತ್ತಿದ್ದ ಕಾಲವದು. ಗಂಡ ಎಫ್ರೈಮ್ ಭೂಮಾಪಕ, ಮಾರ್ಥಾ ಸೂಲಗಿತ್ತಿ. ದಿನಚರಿ ಆರಂಭಿಸಿದಾಗ ಆಕೆಗೆ ಐವತ್ತರ ಹತ್ತಿರ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು, ಉಳಿದ ದಿನಗಳಲ್ಲಿ ದೋಣಿಯಲ್ಲಿ ದಾಟಿ 800ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದಳು. ಪ್ರತಿ ಹೆರಿಗೆಯ ಲೆಕ್ಕ ಅಂಚಿನಲ್ಲಿದೆ. ಕೂಲಿ ಕೈಸೇರಿದರೆ ಒಂದು ಗುರುತು.

1787ರ ಬೇಸಿಗೆಯನ್ನೇ ನೋಡಿ. ಫಿಲಡೆಲ್ಫಿಯಾದಲ್ಲಿ ಸಂವಿಧಾನದ ಕರಡು ಸಿದ್ಧವಾಗುತ್ತಿದ್ದಾಗ ಹ್ಯಾಲೊವೆಲ್‌ನ ಮಕ್ಕಳಿಗೆ ಸ್ಕಾರ್ಲೆಟ್ ಜ್ವರ ಹಬ್ಬಿತ್ತು. ಮಾರ್ಥಾ ಒಂದು ಮನೆಯಲ್ಲಿ ಹೆರಿಗೆ ಮಾಡಿಸಿ, ಇನ್ನೊಂದು ಮನೆಯಲ್ಲಿ ಜ್ವರದ ಮಗುವಿಗೆ ಔಷಧಿ ಕೊಟ್ಟು, ಮತ್ತೊಂದು ಮನೆಯಲ್ಲಿ ಸತ್ತ ಮಗುವನ್ನು ಮಣ್ಣಿಗೆ ಸಿದ್ಧಗೊಳಿಸುತ್ತ ಓಡಾಡಿದಳು. 1769ರಲ್ಲಿ ಮೂರು ವಾರದೊಳಗೆ ತನ್ನದೇ ಮೂವರು ಹೆಣ್ಣುಮಕ್ಕಳನ್ನು ಗಂಟಲಮಾರಿಗೆ (ಡಿಫ್ತೀರಿಯಾ) ಕಳೆದುಕೊಂಡಿದ್ದ ತಾಯಿ ಈಕೆ. ಆ ದೇಶ ಹುಟ್ಟಿದ ಕಥೆಯಲ್ಲಿ ಈ ಬೇಸಿಗೆಗೆ ಜಾಗವಿಲ್ಲವೆಂದರೆ ನಾನು ಒಪ್ಪುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿನ ಇತಿಹಾಸ ಬರೆದವರೊಬ್ಬರು ಈ ದಿನಚರಿಯನ್ನು ನೋಡಿಯೂ, ಇದರಲ್ಲಿ ಸಾರ್ವಜನಿಕ ಆಸಕ್ತಿಯ ವಿಷಯ ಕಡಿಮೆ ಎಂದು ಹೆಚ್ಚಿನ ಭಾಗವನ್ನು ಬದಿಗಿಟ್ಟರು. ಅವರು ಬದಿಗಿಟ್ಟದ್ದು ಏನನ್ನು? ಅಗಸೆ ನಾರು ನೂತದ್ದು, ಮಗ್ಗಕ್ಕೆ ಹಾಸು ಹೂಡಿದ್ದು, ನೆರೆಮನೆಯ ಹುಡುಗಿಯರು ಬಂದು ನೇಯ್ಗೆಗೆ ಕೈಜೋಡಿಸಿದ್ದು, ಬೀನ್ಸ್ ಬಿತ್ತಿದ್ದು. ಗಂಡಸರ ಲೆಕ್ಕದ ಪುಸ್ತಕಗಳಲ್ಲಿ ಸುಳಿವೇ ಸಿಗದ ಹೆಂಗಸರ ಕೊಡುಕೊಳ್ಳುವಿಕೆಯೆಲ್ಲ ಅಲ್ಲಿದೆ. ಮದುವೆಯಾಗದ ಹೆಣ್ಣು ಹೆರಿಗೆ ನೋವಿನಲ್ಲಿದ್ದಾಗ ಮಗುವಿನ ತಂದೆ ಯಾರೆಂದು ಸೂಲಗಿತ್ತಿ ಕೇಳುವುದು ಅಂದಿನ ಕಾನೂನಿನ ರೂಢಿ. ಹಾಗೆ ಕೇಳಿದಾಗ ಒಮ್ಮೆ ಬಂದ ಹೆಸರು ಮಾರ್ಥಾಳ ಸ್ವಂತ ಮಗನದು. ಅದನ್ನೂ ಮುಚ್ಚಿಡದೆ ಬರೆದಳು. ಇಂಥ ಪ್ರಾಮಾಣಿಕ ಸಾಕ್ಷಿ ಇತಿಹಾಸಕ್ಕೆ ಎಷ್ಟು ಸಲ ದಕ್ಕುತ್ತದೆ?

ಈ ಹಾಳೆಗಳನ್ನು ಕಾಪಾಡಿದ್ದು ವಂಶದ ಹೆಣ್ಣುಮಕ್ಕಳು. ಮರಿಮೊಮ್ಮಗಳ ಮಗಳಾದ ವೈದ್ಯೆ ಮೇರಿ ಹೋಬರ್ಟ್ 1930ರಲ್ಲಿ ಅವನ್ನು ಮೇನ್ ರಾಜ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಚ್ ದಿನಚರಿಯ ಒಂದೊಂದು ಸಾಲನ್ನೂ ಊರಿನ ಇತರ ದಾಖಲೆಗಳೊಂದಿಗೆ ತಾಳೆ ನೋಡಿ ಬರೆದ ಪುಸ್ತಕಕ್ಕೆ 1991ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಲೇಖನಮಾಲೆ ಮುಗಿಯುವ ಮುನ್ನ ಒಂದು ವಾರವನ್ನು ಮಾರ್ಥಾಳಿಗೆ ಮೀಸಲಿಡಬೇಕೆಂದು ಕೋರುತ್ತೇನೆ. ದಿನಚರಿಯ ಪೂರ್ಣ ಪಾಠ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿದೆ. 1787ರ ಆಗಸ್ಟ್ ತಿಂಗಳ ಬರಹಗಳನ್ನಾದರೂ ಯಾರಿಂದಲಾದರೂ ಕನ್ನಡಕ್ಕೆ ಮಾಡಿಸಿ ಪ್ರಕಟಿಸಿ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕಿ,
ಧಾರವಾಡ