ಗ್ಯಾಸ್ ಹಡಗಿನಲ್ಲಿ ಒಂದು ತಿಂಗಳ ಜಾಗ ಕೊಡಿಸಿ: ದಕ್ಷಿಣ ಕನ್ನಡ ಸಂಸದರಿಗೆ ಬಹಿರಂಗ ಪತ್ರ

ಸಂಸದರಾದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರಿಗೆ,

ನಮಸ್ಕಾರ.

ಗ್ಯಾಸ್ ಹಡಗುಗಳಲ್ಲಿ ಕೆಲಸ ಮಾಡಲು ಹೊರಟ ನಮ್ಮ ಊರಿನ ಹುಡುಗ ಹುಡುಗಿಯರ ತರಬೇತಿ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಅಂಥ ಹಡಗುಗಳಲ್ಲೇ ಚೀಫ್ ಆಫೀಸರ್ ಆಗಿದ್ದು ನಿವೃತ್ತನಾದವನು. ನಿಮ್ಮಿಂದ ಒಂದು ಕೆಲಸ ಆಗಬೇಕಿದೆ. ಅದು ಯಾಕೆ ಮುಖ್ಯ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ದೇಶದಲ್ಲಿ ಉರಿಯುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುತ್ತದೆ. ಅದನ್ನು ಇಳಿಸಿಕೊಳ್ಳುವ ಬಂದರುಗಳಲ್ಲಿ ನಮ್ಮ ಮಂಗಳೂರಿನ ಪಣಂಬೂರಿಗೆ ದೊಡ್ಡ ಪಾಲಿದೆ. ಎಚ್‌ಪಿಸಿಎಲ್‌ನವರು ಇಲ್ಲೇ ನೆಲದಡಿಯಲ್ಲಿ 80,000 ಟನ್ ಹಿಡಿಸುವ ಸಂಗ್ರಹಾಗಾರ ಕಟ್ಟಿದ್ದಾರೆ. ದೊಡ್ಡ ಗ್ಯಾಸ್ ಹಡಗೊಂದು ಸುಮಾರು 45,000 ಟನ್ ಹೊರುತ್ತದೆ. ಮನೆಗೆ ಬರುವ 14.2 ಕಿಲೋ ಸಿಲಿಂಡರ್ ಲೆಕ್ಕ ಹಾಕಿದರೆ 30 ಲಕ್ಷಕ್ಕೂ ಮೇಲಾಯಿತು. 2013ರಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ, ಬೆಂಕಿ ಹತ್ತಿ ಜನ ಸತ್ತದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಅದು ರಸ್ತೆಯ ಒಂದೇ ಒಂದು ಟ್ಯಾಂಕರ್.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಗ್ಯಾಸ್ ಹಡಗುಗಳಲ್ಲಿ ದೊಡ್ಡ ಅನಾಹುತ ಆಗುವುದು ಅಪರೂಪ. ಹಡಗನ್ನು ಕಟ್ಟುವ ರೀತಿಗೆ ಅಂತರರಾಷ್ಟ್ರೀಯ ನಿಯಮ ಇದೆ, ಅದು ಗಟ್ಟಿಯಾಗಿಯೇ ಇದೆ. ಆದರೆ ವಾಲ್ವ್ ತಿರುಗಿಸುವುದು ಮನುಷ್ಯ. 2019ರ ಜನವರಿಯಲ್ಲಿ ಕಪ್ಪು ಸಮುದ್ರದ ಕಡೆಯ ಕೆರ್ಚ್ ಜಲಸಂಧಿಯ ಹತ್ತಿರ ಎರಡು ಎಲ್‌ಪಿಜಿ ಹಡಗುಗಳು ಹೊತ್ತಿ ಉರಿದವು. ಸಮುದ್ರದ ಮಧ್ಯದಲ್ಲೇ ಒಂದರಿಂದ ಇನ್ನೊಂದಕ್ಕೆ ಗ್ಯಾಸ್ ತುಂಬಿಸುವಾಗ ಬೆಂಕಿ ಹತ್ತಿತು ಎಂದು ಆಗ ವರದಿಯಾಗಿತ್ತು. ಕನಿಷ್ಠ ಹತ್ತು ಜನ ಸತ್ತರು. ಆ ಎರಡು ಹಡಗುಗಳ ಸಿಬ್ಬಂದಿಯಲ್ಲಿ ಸುಮಾರು ಅರ್ಧ ಜನ ನಮ್ಮ ದೇಶದವರು.

ಈ ಕೆಲಸದಲ್ಲಿ ಕಲಿಯುವಂಥದ್ದು ಏನಿದೆ ಎಂದು ಕೇಳುವವರಿದ್ದಾರೆ. ಒಂದು ಉದಾಹರಣೆ ಕೊಡುತ್ತೇನೆ.

ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ ಅಲ್ವಾ? ಅದು ಗ್ಯಾಸಿನ ಸ್ವಂತ ವಾಸನೆ ಅಲ್ಲ. ಸೋರಿದ್ದು ಗೊತ್ತಾಗಲಿ ಎಂದು ಆಮೇಲೆ ಸೇರಿಸಿದ್ದು. ಹಡಗಿನಲ್ಲಿ ತಣ್ಣಗಿಟ್ಟು ತರುವ ಸರಕಿಗೆ ಸಾಮಾನ್ಯವಾಗಿ ಆ ವಾಸನೆ ಇರುವುದೇ ಇಲ್ಲ. ಮೂಗನ್ನು ನಂಬುವಂತಿಲ್ಲ, ಮೀಟರ್ ನೋಡಿಯೇ ತಿಳಿಯಬೇಕು. ಆ ಮೀಟರ್ ಕೂಡ ಮೋಸ ಮಾಡಬಹುದು. ಹೊಸ ಸರಕು ತುಂಬುವ ಮೊದಲು ಟ್ಯಾಂಕಿನೊಳಗಿನ ಗಾಳಿಯನ್ನು ಹೊರಗೆ ಹಾಕಿ ನೈಟ್ರೋಜನ್ ತುಂಬಿಸಿರುತ್ತೇವೆ, ಆಮ್ಲಜನಕ ಇಲ್ಲದಿದ್ದರೆ ಬೆಂಕಿ ಹತ್ತುವುದಿಲ್ಲ ಅಂತ. ಸಾಮಾನ್ಯ ಗ್ಯಾಸ್ ಮೀಟರ್ ಒಳಗೆ ಬಂದ ಗ್ಯಾಸನ್ನು ಒಂಚೂರು ಉರಿಸಿ ಅಳೆಯುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಉರಿಸುವುದು ಹೇಗೆ? ಟ್ಯಾಂಕಿನ ತುಂಬ ಪ್ರೊಪೇನ್ (ಎಲ್‌ಪಿಜಿಯಲ್ಲಿರುವ ಒಂದು ಗ್ಯಾಸ್) ಇದ್ದರೂ ಮುಳ್ಳು ಸೊನ್ನೆಯಲ್ಲೇ ಕೂತಿರಬಹುದು. ಹೊಸ ಹುಡುಗ ಆ ಸೊನ್ನೆ ನೋಡಿ 'ಸೇಫ್ ಸರ್' ಎಂದುಬಿಡುತ್ತಾನೆ. ಕ್ಲಾಸಿನಲ್ಲಿ ಅವನಿಗೆ ಇದನ್ನು ಹೇಳಿಕೊಟ್ಟಿರುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿರುತ್ತಾನೆ. ಆದರೂ ಮುಂಜಾನೆ ನಾಲ್ಕು ಗಂಟೆಗೆ, ನಿದ್ದೆಗಣ್ಣಲ್ಲಿ, ಟರ್ಮಿನಲ್‌ನವರು ರೇಡಿಯೋದಲ್ಲಿ ಅವಸರ ಮಾಡುತ್ತಿರುವಾಗ ಅದು ನೆನಪಿಗೆ ಬರಬೇಕು. ಪಕ್ಕದಲ್ಲಿ ಒಬ್ಬ ಹಿರಿಯ ನಿಂತು 'ಮೊದಲು ಆಕ್ಸಿಜನ್ ಎಷ್ಟಿದೆ ನೋಡು' ಎಂದು ಒಂದು ಸಲ ತಡೆದರೆ ಅದು ಜೀವಮಾನಕ್ಕೆ ಸಾಕು.

ಇಂಥವು ಇನ್ನೂ ಬೇಕಾದಷ್ಟಿವೆ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಬಿಸಿ ಟ್ಯಾಂಕಿಗೆ ಅದನ್ನು ಒಮ್ಮೆಲೇ ಬಿಟ್ಟರೆ ಒತ್ತಡ ಏರುತ್ತದೆ, ಲೋಹಕ್ಕೂ ಪೆಟ್ಟು. ಸ್ವಲ್ಪ ಸ್ವಲ್ಪ ಚಿಮುಕಿಸಿ ಗಂಟೆಗಟ್ಟಲೆ ತಣಿಸಬೇಕು. ಸೋರುವ ಕಡೆ ಬೆಂಕಿ ಹತ್ತಿದರೆ ಮೊದಲು ವಾಲ್ವ್ ಮುಚ್ಚಬೇಕು. ಗಾಬರಿಯಲ್ಲಿ ಬೆಂಕಿಯನ್ನಷ್ಟೇ ಆರಿಸಿದರೆ ಉರಿಯದ ಗ್ಯಾಸ್ ಡೆಕ್ ಮೇಲೆ ಹರಡಿ ಎಲ್ಲೋ ಇನ್ನೊಂದು ಕಿಡಿಗೆ ಕಾಯುತ್ತದೆ. ಎಲ್‌ಎನ್‌ಜಿ ಅಂದರೆ ದ್ರವವಾಗಿಸಿದ ನೈಸರ್ಗಿಕ ಅನಿಲ, ಮೈನಸ್ 162 ಡಿಗ್ರಿಯದು, ಅದರ ರೀತಿಯೇ ಬೇರೆ. ಇಂಥ ಹಡಗುಗಳಲ್ಲೇ ಹೋಗುವ ಅಮೋನಿಯಾ ವಿಷ.

ಈಗ ವಿಷಯಕ್ಕೆ ಬರುತ್ತೇನೆ. ನಾವಿಕರ ತರಬೇತಿಗೆ ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. 1978ರದು, 2010ರಲ್ಲಿ ಮನಿಲಾದಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಗ್ಯಾಸ್ ಸರಕಿನ ಜವಾಬ್ದಾರಿ ಹೊರುವ ಅಧಿಕಾರಿಗೆ ಅಡ್ವಾನ್ಸ್ಡ್ ಸರ್ಟಿಫಿಕೇಟ್ ಬೇಕು. ಕೋರ್ಸ್ ಮುಗಿಸಿದರೆ ಸಾಲದು. ಗ್ಯಾಸ್ ಹಡಗಿನಲ್ಲಿ ಮೂರು ತಿಂಗಳ ಸೇವೆ ಆಗಿರಬೇಕು. ಇಲ್ಲವಾದರೆ ಸಿಬ್ಬಂದಿ ಲೆಕ್ಕಕ್ಕೆ ಸೇರದ ಹೆಚ್ಚುವರಿಯಾಗಿ ಕನಿಷ್ಠ ಒಂದು ತಿಂಗಳು ಹಡಗಿನಲ್ಲಿದ್ದು, ಮೂರು ಸಲ ತುಂಬಿಸುವುದರಲ್ಲಿ, ಮೂರು ಸಲ ಇಳಿಸುವುದರಲ್ಲಿ ಭಾಗಿಯಾಗಿರಬೇಕು. ಬಹಳ ಒಳ್ಳೆಯ ನಿಯಮ ಇದು.

ಆದರೆ ಆ ಒಂದು ತಿಂಗಳ ಜಾಗ ಕೊಡುವವರು ಯಾರು? ಕಂಪನಿಗಳು ಕೇಳುವುದು ಗ್ಯಾಸ್ ಅನುಭವ ಇದ್ದವರನ್ನು. ತೈಲ ಕಂಪನಿಗಳು ಹಡಗು ಬಾಡಿಗೆಗೆ ಹಿಡಿಯುವಾಗ ಅಧಿಕಾರಿಗಳ ಅನುಭವದ ವರ್ಷ ಲೆಕ್ಕ ಹಾಕುತ್ತವೆ. ಹಾಗಾಗಿ ಹೊಸಬರನ್ನು ಹತ್ತಿಸಲು ಯಾರಿಗೂ ಮನಸ್ಸಿಲ್ಲ. ಅನುಭವ ಇಲ್ಲದೆ ಹಡಗಿಲ್ಲ, ಹಡಗಿಲ್ಲದೆ ಅನುಭವ ಇಲ್ಲ. ನನ್ನ ಪರಿಚಯದ ಮನೆಯೊಂದರ ಹುಡುಗನಿಗೆ 'ಜಾಗ ಕೊಡಿಸುತ್ತೇನೆ' ಎಂದು ಏಜೆಂಟ್ ಒಬ್ಬ ಲಕ್ಷಗಟ್ಟಲೆ ದುಡ್ಡು ಕೇಳಿದ. ತಾಯಿ ಬಳೆ ಅಡವಿಟ್ಟು ಕೊಟ್ಟರು. ಕೆಲಸ ಕೊಡಿಸಲು ನಾವಿಕರಿಂದ ದುಡ್ಡು ತೆಗೆದುಕೊಳ್ಳುವುದನ್ನು 2006ರ ಕಡಲ ಕಾರ್ಮಿಕ ಒಪ್ಪಂದ ನಿಷೇಧಿಸಿದೆ, ನಮ್ಮ ದೇಶವೂ ಅದನ್ನು ಒಪ್ಪಿಕೊಂಡಿದೆ. ಬಾಗಿಲು ಮುಚ್ಚಿದಲ್ಲೆಲ್ಲ ದಲ್ಲಾಳಿ ಹುಟ್ಟಿಕೊಳ್ಳುತ್ತಾನೆ. ಹೀಗೆ ದುಡ್ಡು ಕೊಟ್ಟು ಬಂದ ಹುಡುಗ ಕೊನೆಗೆ ಹಡಗಿನಲ್ಲಿ ಕಲಿಯಲು ನಿಲ್ಲುತ್ತಾನೋ, ಸುಮ್ನೆ ಸಹಿ ಹಾಕಿಸಿಕೊಂಡು ಇಳಿಯುತ್ತಾನೋ?

ಅದಕ್ಕೇ ನಿಮ್ಮಲ್ಲಿ ಕೇಳುತ್ತಿದ್ದೇನೆ. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಸರ್ಕಾರದ ಕಂಪನಿಗಳು. ಅವು ಎಲ್‌ಪಿಜಿ ತರಲು ದೀರ್ಘಕಾಲಕ್ಕೆ ಬಾಡಿಗೆ ಹಿಡಿಯುವ ಪ್ರತಿ ಹಡಗಿನಲ್ಲೂ ತರಬೇತಿ ಪಡೆಯುವ ಇಬ್ಬರು ಭಾರತೀಯ ಅಧಿಕಾರಿಗಳಿಗೆ ಜಾಗ ಇರಬೇಕು ಎಂದು ಒಪ್ಪಂದದಲ್ಲೇ ಬರೆಸಲಿ. ಒಬ್ಬರು ಡೆಕ್ಕಿಗೆ, ಒಬ್ಬರು ಎಂಜಿನ್‌ಗೆ. ಹೊಸ ಕಾನೂನು ಬೇಕಿಲ್ಲ, ಬಾಡಿಗೆ ಪತ್ರದಲ್ಲಿ ಒಂದು ಷರತ್ತು ಸಾಕು. ಆಯ್ಕೆ ಏಜೆಂಟರ ಕೈಗೆ ಹೋಗದೆ ಹಡಗು ಮಹಾನಿರ್ದೇಶನಾಲಯದ ಮೂಲಕ, ಎಲ್ಲರಿಗೂ ಕಾಣುವ ಪಟ್ಟಿಯಿಂದಲೇ ನಡೆಯಲಿ. ಖರ್ಚು ಅಂದರೆ ಇಬ್ಬರ ಊಟ, ವಿಮೆ, ಒಂದು ಕ್ಯಾಬಿನ್, ಹೋಗಿ ಬರುವ ಟಿಕೆಟ್. 45,000 ಟನ್ ಸರಕಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಹಡಗಿನ ಕೆಲಸವನ್ನು ಪರದೆಯ ಮೇಲೆ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್ ಇದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಸಿಮ್ಯುಲೇಟರ್ ಬೇಕೇ ಬೇಕು. ತಪ್ಪು ಮಾಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಕೈಗವಸಿನೊಳಗೆ ಬೆರಳು ಮರಗಟ್ಟುವುದು, ಕಂಪ್ರೆಸರ್ ಸದ್ದಿನಲ್ಲಿ ಮಾತು ಕೇಳಿಸದಿರುವುದು, ದಡದ ಪೈಪು ಜೋಡಿಸುವ ಮ್ಯಾನಿಫೋಲ್ಡ್ ಪೈಪಿನ ಮೇಲೆ ಹಿಮ ಕಟ್ಟಿದ್ದು ಎಲ್ಲಿ ಸಹಜ, ಎಲ್ಲಿ ಸೋರಿಕೆಯ ಗುರುತು ಎಂದು ಕಣ್ಣಿಗೆ ರೂಢಿಯಾಗುವುದು, ಇದೆಲ್ಲ ಪರದೆಯ ಮೇಲೆ ಬರುವುದಿಲ್ಲ.

ನೀವು ಸೇನೆಯಲ್ಲಿದ್ದವರು. ಡ್ರಿಲ್ ಎಂದರೇನು ಅನ್ನುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಮುಂದಿನ ಅಧಿವೇಶನದಲ್ಲಿ ಬಂದರು ಮತ್ತು ಪೆಟ್ರೋಲಿಯಂ ಸಚಿವರಿಬ್ಬರಿಗೂ ಈ ಪ್ರಶ್ನೆ ಕೇಳಿ: ಸರ್ಕಾರಿ ಕಂಪನಿಗಳು ಬಾಡಿಗೆ ಹಿಡಿದ ಗ್ಯಾಸ್ ಹಡಗುಗಳಲ್ಲಿ ಈಗ ತರಬೇತಿ ಪಡೆಯುತ್ತಿರುವ ಭಾರತೀಯ ಅಧಿಕಾರಿಗಳು ಎಷ್ಟು ಜನ ಇದ್ದಾರೆ? ಉತ್ತರ ಬಂದ ಮೇಲೆ ಅದನ್ನು ಕನ್ನಡದಲ್ಲಿ ಪ್ರಕಟಿಸಿ. ಪಣಂಬೂರಿನಲ್ಲಿ ಟರ್ಮಿನಲ್‌ನವರು, ಹಡಗಿನವರು, ಹುಡುಗರು ಒಟ್ಟಿಗೆ ಕೂರುವ ಸಭೆಯನ್ನೂ ಕರೆಯಿರಿ. ನನ್ನಂತೆ ನಿವೃತ್ತರಾದವರು ಈ ಕರಾವಳಿಯಲ್ಲಿ ಇನ್ನೂ ಇದ್ದೇವೆ, ಕಲಿಸಲು ಸಂಬಳ ಕೇಳುವುದಿಲ್ಲ.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ನಿವೃತ್ತ ಚೀಫ್ ಆಫೀಸರ್, ಸುರತ್ಕಲ್