ದೊರೆಯನ್ನು ಎದುರಿಸುವ ಹಕ್ಕು ಯಾರದು: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರಿಗೆ,

ಹದಿನಾರು, ಹದಿನೇಳನೆಯ ಶತಮಾನಗಳ ಯುರೋಪಿನಲ್ಲಿ ಅರಸರ ನಿರಂಕುಶತೆಯ ವಿರುದ್ಧ ಹುಟ್ಟಿದ ವಾದಗಳನ್ನು ಕುರಿತ ನಿಮ್ಮ ಕರಡನ್ನು ಗಮನವಿಟ್ಟು ಓದಿದೆ. ಭಾಷೆ ಹದವಾಗಿದೆ. ಆದರೆ ಆ ಕಾಲದ ಲೇಖಕರೆಲ್ಲರೂ ನಿಮ್ಮ ಬರಹದಲ್ಲಿ ಒಂದೇ ದನಿಯಲ್ಲಿ ಪ್ರಜೆಗಳ ಪರವಾಗಿ ಮಾತನಾಡುತ್ತಾರೆ, ಇತಿಹಾಸದಲ್ಲಿ ಹಾಗಿರಲಿಲ್ಲ. ಯಾವ ಗ್ರಂಥವನ್ನು ಕೈಗೆತ್ತಿಕೊಂಡರೂ, ದುಷ್ಟ ದೊರೆಯನ್ನು ಎದುರಿಸುವ ಹಕ್ಕನ್ನು ಇದು ಯಾರಿಗೆ ಕೊಡುತ್ತದೆ ಎಂದು ಮೊದಲು ವಿಚಾರಿಸಿ.

1572ರ ಆಗಸ್ಟ್‌ನಲ್ಲಿ, ಸಂತ ಬಾರ್ಥಲೋಮಿಯೊ ಹಬ್ಬದಂದು, ಪ್ಯಾರಿಸ್ಸಿನಲ್ಲಿ ಆರಂಭವಾದ ಹ್ಯೂಗೆನೊಗಳೆಂಬ ಫ್ರೆಂಚ್ ಪ್ರಾಟೆಸ್ಟಂಟ್ ಕ್ರೈಸ್ತರ ಕಗ್ಗೊಲೆಯ ಬಳಿಕ, ಅರಸನ ಮೇಲಿನ ಭರವಸೆಯನ್ನೇ ಕಳೆದುಕೊಂಡ ಆ ಸಮುದಾಯದ ವಿದ್ವಾಂಸರು ಪ್ರತಿರೋಧವನ್ನು ಬಹಿರಂಗವಾಗಿ ಸಮರ್ಥಿಸತೊಡಗಿದರು. 1579ರಲ್ಲಿ ಗುಪ್ತನಾಮದಲ್ಲಿ ಹೊರಬಂದ 'ವಿಂಡಿಸಿಯೆ ಕಾಂಟ್ರಾ ಟಿರಾನೋಸ್' (ಪೀಡಕ ದೊರೆಗಳ ವಿರುದ್ಧ ಸಮರ್ಥನೆ) ಎಂಬ ಹ್ಯೂಗೆನೊ ಗ್ರಂಥ ಎರಡು ಒಡಂಬಡಿಕೆಗಳನ್ನು ಹೇಳುತ್ತದೆ: ಒಂದು, ಅರಸನೂ ಪ್ರಜೆಗಳೂ ಸೇರಿ ದೇವರೊಡನೆ ಮಾಡಿಕೊಂಡದ್ದು, ಇನ್ನೊಂದು, ಅರಸನಿಗೂ ಪ್ರಜೆಗಳಿಗೂ ನಡುವಿನದು. ಇಷ್ಟನ್ನು ನೀವು ಚೆನ್ನಾಗಿಯೇ ವಿವರಿಸಿದ್ದೀರಿ, ಆದರೆ ಅದರ ಮಿತಿಯನ್ನು ಬಿಟ್ಟಿದ್ದೀರಿ. ಸಿಂಹಾಸನವನ್ನು ಬಲಾತ್ಕಾರದಿಂದ ಕಬಳಿಸಿದವನ ವಿಷಯ ಬೇರೆ. ನ್ಯಾಯವಾಗಿ ಪಟ್ಟವೇರಿ ಆಮೇಲೆ ಕೆಟ್ಟವನನ್ನು ತಡೆಯುವ ಅಧಿಕಾರ ಆ ಗ್ರಂಥದ ಪ್ರಕಾರ ರಾಜ್ಯದ ಅಧಿಕಾರಿಗಳಿಗೆ, ಪ್ರತಿನಿಧಿ ಸಭೆಗಳಿಗೆ ಸೇರಿದ್ದು. ಸಾಮಾನ್ಯ ರೈತನೋ ನೇಕಾರನೋ ತಾನಾಗಿ ಕತ್ತಿ ಹಿರಿಯುವಂತಿಲ್ಲ.

ಅದೇ ವರ್ಷ ಸ್ಕಾಟ್ಲೆಂಡಿನ ಜಾರ್ಜ್ ಬುಕಾನನ್ ಪ್ರಕಟಿಸಿದ ಸಂವಾದರೂಪದ ಕೃತಿ ಈ ಗೆರೆಯನ್ನೇ ದಾಟಿ, ಪೀಡಕ ದೊರೆಯನ್ನು ಒಬ್ಬ ವ್ಯಕ್ತಿಯೂ ಕೊಲ್ಲಬಹುದೆಂದಿತು. ಅದನ್ನು ಅವನು ಅರ್ಪಿಸಿದ್ದು ತನ್ನ ಶಿಷ್ಯನಾದ ಬಾಲದೊರೆ ಆರನೆಯ ಜೇಮ್ಸನಿಗೆ. 1584ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಆ ಪುಸ್ತಕವನ್ನು ಖಂಡಿಸಿತು. 1598ರಲ್ಲಿ ಶಿಷ್ಯನೇ, ಅರಸನನ್ನು ವಿಚಾರಿಸುವ ಅಧಿಕಾರ ದೇವರೊಬ್ಬನದೇ ಎಂದು ಸಾಧಿಸುವ ಪುಸ್ತಕ ಬರೆದ. ಗುರುಶಿಷ್ಯರ ಈ ವಿರೋಧಕ್ಕೆ ನೀವು ಒಂದೇ ಸಾಲು ಕೊಟ್ಟಿರುವುದು ನನಗೆ ಬೇಸರ ತಂದಿತು. ಇಡೀ ಶತಮಾನದ ಜಗಳ ಅಲ್ಲಿದೆ.

ಇಂತಹ ಬರವಣಿಗೆಗೆ ತೆರಬೇಕಾಗಿದ್ದ ಬೆಲೆಯನ್ನೂ ಮರೆಯಬೇಡಿ. 1683ರಲ್ಲಿ ಲಂಡನ್ನಿನಲ್ಲಿ ರಾಜಕೀಯ ಚಿಂತಕ ಆಲ್ಜರ್ನನ್ ಸಿಡ್ನಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಕಾನೂನು ಕೇಳುತ್ತಿದ್ದದ್ದು ಇಬ್ಬರು ಸಾಕ್ಷಿಗಳನ್ನು, ಸಿಕ್ಕವನು ಒಬ್ಬನೇ. ಸಿಡ್ನಿಯ ಮನೆಯಲ್ಲಿ ದೊರೆತ, ಅರಸರ ನಿರಂಕುಶತೆಯನ್ನು ಟೀಕಿಸುವ ಅವನದೇ ಅಪ್ರಕಟಿತ ಹಸ್ತಪ್ರತಿಯನ್ನೇ ಇನ್ನೊಂದು ಸಾಕ್ಷಿಯೆಂದು ಪರಿಗಣಿಸಿ ಸಿಡ್ನಿಯ ತಲೆ ಕಡಿದರು.

ಆಳುವವರಿಗೆ ಪ್ರಜೆಗಳ ಒಪ್ಪಿಗೆ ಬೇಕೆಂಬ ಪ್ರಶ್ನೆ ಬಡವನವರೆಗೆ ಇಳಿದು ಬಂದದ್ದನ್ನು ಕಾಣಬೇಕಾದರೆ 1647ರ ಪಟ್ನಿ ಚರ್ಚೆಗಳಿಗೆ, ಅಂದರೆ ಲಂಡನ್ನಿನ ಬಳಿಯ ಪಟ್ನಿಯಲ್ಲಿ ಪಾರ್ಲಿಮೆಂಟಿನ ಸೇನೆಯವರು ದೇಶದ ಆಡಳಿತ ಹೇಗಿರಬೇಕೆಂದು ನಡೆಸಿದ ವಾದಗಳಿಗೆ, ಹೋಗಬೇಕು. ಇಂಗ್ಲೆಂಡಿನ ಕಡುಬಡವನೂ ತನ್ನ ಒಪ್ಪಿಗೆಯಿಲ್ಲದೆ ಯಾವ ಸರ್ಕಾರಕ್ಕೂ ಬದ್ಧನಲ್ಲವೆಂದು ಸೇನಾಧಿಕಾರಿ ರೈನ್ಸ್‌ಬರೊ ಅಲ್ಲಿ ವಾದಿಸಿದ. ಆಸ್ತಿಯಿಲ್ಲದವನಿಗೆ ಮತದಾನದ ಹಕ್ಕೇಕೆಂದು ಇನ್ನೊಬ್ಬ ಸೇನಾಧಿಕಾರಿ ಐರ್ಟನ್ ಪ್ರತಿವಾದಿಸಿದ. ಹೆಂಗಸರ ಮತದ ಮಾತನ್ನು ಇಬ್ಬರೂ ಎತ್ತಲಿಲ್ಲ. ಮುಂದಿನ ಕರಡಿನಲ್ಲಿ ಈ ಭಾಗವನ್ನು ಹಿಗ್ಗಿಸಿ, ಐರ್ಟನ್ನನ ವಾದವನ್ನೂ ಅದರ ಪೂರ್ಣ ಬಲದೊಡನೆ ಬರೆದು ಕಳುಹಿಸಿ.

ನಿಮ್ಮ ಹಿತೈಷಿ